ಸದ್ದು ಹುಡುಕುವ ಭಾವ

ನಮ್ಮ ಭಾವನ ತೋರುಬೆರಳು ಅವರ ಮಾತಿಗಿಂತ ಮೊದಲೇ ಏಳುತ್ತದೆ. ಊಟದ ನಡುವೆಯಾಗಲಿ, ಬ್ಯಾಂಕಿನ ಸಾಲಿನಲ್ಲಾಗಲಿ, ಸಾವಿನ ಮನೆಯ ಮೌನದಲ್ಲಾಗಲಿ, ಆ ಬೆರಳು ಇದ್ದಕ್ಕಿದ್ದಂತೆ ಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ, ಕತ್ತು ಎಡಕ್ಕೆ ವಾಲುತ್ತದೆ, ಕಣ್ಣು ಅರ್ಧ ಮುಚ್ಚಿಕೊಳ್ಳುತ್ತದೆ, ಎದುರಿಗಿರುವವನ ಮಾತು ಎಂಥ ಮಹತ್ವದ ಘಟ್ಟದಲ್ಲಿದ್ದರೂ ಲೆಕ್ಕಿಸದೆ, "ಶ್... ಕೇಳಿಸ್ತಾ?" ಎಂಬ ಪ್ರಶ್ನೆ ಬರುತ್ತದೆ. ನಮಗೆ ಏನೂ ಕೇಳಿಸಿರುವುದಿಲ್ಲ. ಕೇಳಿಸಲಿಲ್ಲ ಎಂದರೆ ಪಾಠ ಶುರು, ಕೇಳಿಸಿತು ಎಂದರೆ ಪರೀಕ್ಷೆ ಶುರು: "ಎಲ್ಲಿಂದ? ಹೇಳು ನೋಡೋಣ." ಈ ಪಾಠಕ್ಕೂ ಪರೀಕ್ಷೆಗೂ ನಡುವೆ ಸಿಕ್ಕಿ ಹಣ್ಣಾದವನು ನಾನು.

ಅವರು ಲಿಫ್ಟ್‌ಗಳ ತಪಾಸಣೆಯ ಇಲಾಖೆಯಲ್ಲಿದ್ದವರು. ಎತ್ತರದ ಕಟ್ಟಡಗಳ ಒಳಗೋಡೆಗೆ ಕಿವಿಯಿಟ್ಟು, ಎಲ್ಲಿ ಯಾವ ಗಾಲಿ ಸವೆದಿದೆ, ಯಾವ ಹಗ್ಗ ನರಳುತ್ತಿದೆ ಎಂದು ಆಲಿಸಿ ವರದಿ ಬರೆಯುವುದೇ ಅವರ ಜೀವಮಾನದ ವೃತ್ತಿಯಾಗಿತ್ತು. ನಿವೃತ್ತಿಯಾಯಿತು, ಇಲಾಖೆ ಹೋಯಿತು, ಕಿವಿ ಮಾತ್ರ ಮನೆಗೆ ಬಂತು. ಇಲಾಖೆಯ ಕಾಲದ ಕಂದುಬಣ್ಣದ ಕೋಟೂ ಬಂತು. ಮೊಣಕೈಯಲ್ಲಿ ತೇಪೆ, ಜೇಬಿನ ತುಂಬ ಸ್ಕ್ರೂಗಳು. ನಡೆಯುವಾಗ ಅವು ಕಿಣಿಗುಟ್ಟಬಾರದೆಂದು ಪ್ರತಿ ಜೇಬಿನಲ್ಲೂ ಹತ್ತಿ ತುರುಕಿದ್ದಾರೆ. ನಡಿಗೆಯಾದರೂ ಎಂಥದ್ದು! ಮಲಗಿಸಿದ ಮಗುವಿನ ಪಕ್ಕದಿಂದ ಎದ್ದು ಬರುವವರಂತೆ ಒಂದೊಂದೇ ಪಾದವನ್ನು ನೆಲಕ್ಕೆ ಇಳಿಸುತ್ತಾರೆ. ಹಿಂದಿನಿಂದ ಬಂದು ಮಾತಾಡಿಸಿದರೆಂದರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಅವರಿಗೆ ತದ್ವಿರುದ್ಧ ನಮ್ಮಕ್ಕ. ಅವಳು ಪಾತ್ರೆ ಎತ್ತಿಟ್ಟರೆ ಬೀದಿಗೆ ತಿಳಿಯಬೇಕು, ಬಾಗಿಲು ಹಾಕಿದರೆ ಮೇಲಿನ ಮನೆಯವರು ಇಣುಕಬೇಕು. ಇಂಥ ಇಬ್ಬರು ಇಷ್ಟು ವರ್ಷ ಒಂದೇ ಸೂರಿನಡಿ ಹೇಗೆ ಬಾಳಿದರೆಂದು ಕೇಳುವವರಿಗೆಲ್ಲ ನನ್ನ ಉತ್ತರ ಒಂದೇ: ಸಿನಿಮಾ. ಎದುರುಬದುರು ಕೂತು ನಾಲ್ಕು ಮಾತಾಡಿದ ದಂಪತಿಗಳಲ್ಲ ಅವರು. ಆದರೆ ಸಂಜೆ ಒಂದು ಸಿನಿಮಾ ಹಾಕಿಕೊಂಡು ಕೂತರೆಂದರೆ, ಪರದೆಯ ಮೇಲಿನ ಗಂಡಹೆಂಡಿರ ನೆಪದಲ್ಲಿ ತಮ್ಮ ವ್ಯಾಜ್ಯಗಳನ್ನೆಲ್ಲ ಆಡಿ ಮುಗಿಸುತ್ತಿದ್ದರು. "ಅವಳು ಅಷ್ಟು ಹಟ ಮಾಡಬಾರದಿತ್ತು" ಎಂದು ಇವರು, "ಅವನು ಮೊದಲೇ ಬಾಯಿ ಬಿಟ್ಟಿದ್ರೆ ಅವಳು ಯಾಕೆ ಹಟ ಮಾಡ್ತಿದ್ಲು?" ಎಂದು ಅವಳು. ಯಾರ ವಿಷಯ ನಡೆಯುತ್ತಿದೆಯೆಂಬುದು ಪಕ್ಕದಲ್ಲಿ ಕೂತ ನನಗೂ ತಿಳಿಯುತ್ತಿತ್ತು, ಅವರಿಬ್ಬರಿಗೂ ತಿಳಿಯುತ್ತಿತ್ತು.

ಆಮೇಲೆ ಅಕ್ಕನ ಕಿವಿ ಮಂದವಾಗತೊಡಗಿತು. ಮೊದಮೊದಲು ಸಿನಿಮಾದ ನಡುವೆ "ಏನಂದ?" ಎಂದು ಕೇಳುತ್ತಿದ್ದಳು, ಭಾವ ಹೇಳುತ್ತಿದ್ದರು. ಬರಬರುತ್ತ "ಏನಂದ?" ಹೆಚ್ಚಾಯಿತು, ಹೇಳುವವರ ದನಿಯಲ್ಲಿ ಸ್ವಲ್ಪ ಬೇಸರ ಬಂತು, ಕೇಳುವವಳಿಗೆ ಅದೊಂದು ಚೆನ್ನಾಗಿಯೇ ಕೇಳಿಸಿತು. ಕಿವಿಯಂತ್ರ ಬಂದರೂ ಮಾತು ತಿಳಿಯಾಗಲಿಲ್ಲ. ಒಂದು ಸಂಜೆ, "ನೀವು ನೋಡ್ತಿರಿ, ನಂಗೆ ಒಳಗೆ ಕೆಲಸ ಇದೆ" ಎಂದು ಎದ್ದು ಹೋದವಳು ಮತ್ತೆ ಆ ಕೋಣೆಗೆ ಬಂದು ಕೂರಲಿಲ್ಲ. ಭಾವ ಒಬ್ಬರೇ ಒಂದೆರಡು ದಿನ ನೋಡಿದರು. ಆಮೇಲೆ ಪರದೆಯನ್ನು ಸುತ್ತಿಟ್ಟರು. ಇದೊಂದು ಹೋದರೆ ತಮ್ಮಿಬ್ಬರ ನಡುವೆ ಇನ್ನೇನೂ ಉಳಿಯುವುದಿಲ್ಲವೆಂದು ಅವರಿಗೆ ಭಯವಾಗಿತ್ತು. ಅವರು ಹಾಗೆಂದು ಹೇಳಲಿಲ್ಲ. ಹೇಳುವ ಜಾಯಮಾನವೂ ಅಲ್ಲ. ಅವರ ಪರವಾಗಿ ನಾನು ಹೇಳುತ್ತಿದ್ದೇನೆ.

ಕಿವಿಯ ಡಾಕ್ಟರು, ಸುತ್ತಮುತ್ತ ಗುಂಯ್‌ಗುಡುವ ಶಬ್ದವಿದ್ದರೆ ಯಂತ್ರ ಅದನ್ನೂ ಹಿಗ್ಗಿಸುತ್ತದೆ, ಮಾತು ಅದರಲ್ಲಿ ಮುಳುಗಿಹೋಗುತ್ತದೆ ಎಂದಿದ್ದರಂತೆ. ಅಷ್ಟು ಸಾಕಾಯಿತು. ಸಿನಿಮಾಗಳೆಲ್ಲ ತುಂಬಿದ್ದ ಹಳೆಯ ಕಂಪ್ಯೂಟರ್, ಸೂರಿಗೆ ತೂಗುಹಾಕಿದ್ದ ಪ್ರೊಜೆಕ್ಟರಿನ ಕೆಳಗೆ ಕೂತು ಹಿಟ್ಟಿನ ಗಿರಣಿಯಂತೆ ಗುಡುಗುಡಿಸುತ್ತಿದ್ದದ್ದು ನಿಜ. ಭಾವ ಅದರ ಕಡೆ ಬೆರಳು ತೋರಿಸಿ, "ಅವಳ ಕಿವಿ ಹೋಗಿಲ್ಲ ಕಣೋ. ಈ ದರಿದ್ರ ಡಬ್ಬ ಮಾತನ್ನ ತಿಂತಾ ಇದೆ" ಎಂದರು. ಸದ್ದೇ ಮಾಡದ ಕಂಪ್ಯೂಟರನ್ನು ತಾವೇ ಕಟ್ಟುವುದೆಂದು ಅಲ್ಲೇ ತೀರ್ಮಾನವಾಯಿತು. ಪ್ರೊಜೆಕ್ಟರನ್ನು ಉಡುಗೊರೆಯಾಗಿ ಕೊಟ್ಟಿದ್ದ ಮಗಳು ಫೋನಿನಲ್ಲಿ, "ಅಪ್ಪಾ, ಇಂಟರ್ನೆಟ್‌ನಿಂದ ಸಿನಿಮಾ ತೋರಿಸೋ ಬೆರಳುದ್ದದ ಕಡ್ಡಿ ಸಿಗುತ್ತೆ, ಹಿಂದೆ ಚುಚ್ಚಿದ್ರೆ ಮುಗೀತು, ಸದ್ದೂ ಇಲ್ಲ ಗದ್ದಲವೂ ಇಲ್ಲ" ಎಂದಳು. "ಅದರಲ್ಲಿ ಬರೋದು ಊರವರ ಸಿನಿಮಾ. ನಮ್ಮ ಸಿನಿಮಾ ಇರೋದು ನನ್ನ ಹತ್ರ" ಎಂದು ಇವರು ಫೋನಿಟ್ಟರು. ತಲೆಗೆ ಹುಳ ಹೊಕ್ಕ ಮೇಲೆ ಬುದ್ಧಿಮಾತು ಎಲ್ಲಿ ಇಳಿಯುತ್ತದೆ?

ಬಿಡಿಭಾಗಗಳ ಅಂಗಡಿಗೆ ನನ್ನನ್ನು ಎಳೆದುಕೊಂಡು ಹೋದದ್ದನ್ನು ನೆನೆದರೆ ಇಂದಿಗೂ ಸುಸ್ತಾಗುತ್ತದೆ. ಹೊರಗೆ ಬಸ್ಸು ಲಾರಿಗಳ ಆರ್ಭಟ, ಒಳಗೆ ಗಿರಾಕಿಗಳ ಗಲಾಟೆ; ಆ ಸಂತೆಯ ನಡುವೆ ಭಾವ ಒಂದೊಂದೇ ಫ್ಯಾನನ್ನು ಓಡಿಸಿ ಕಿವಿಗೆ ಹತ್ತಿರ ಹಿಡಿದು, ಕಣ್ಣು ಅರ್ಧ ಮುಚ್ಚಿ ಆಲಿಸಿ, ತಲೆಯಾಡಿಸಿ ವಾಪಸು ಕೊಡುತ್ತಿದ್ದರು. ಕೊನೆಗೆ ಅಂಗಡಿಯವನು ಕೈಮುಗಿದ.

"ಸಾರ್, ಫ್ಯಾನ್ ಅಂದ್ಮೇಲೆ ತಿರುಗುತ್ತೆ, ತಿರುಗಿದ್ಮೇಲೆ ಸದ್ದು ಮಾಡುತ್ತೆ. ಸುಮ್ನಿರೋದೇ ಬೇಕು ಅಂದ್ರೆ ಕೆಟ್ಟಿರೋದು ಕೊಡ್ಲಾ?"

ಅವನು ಹೇಳಿದ್ದು ತಮಾಷೆಗೆ. ಭಾವನ ಮುಖ ಬೆಳಗಿತು. "ಅದೇ ಸರಿ! ಫ್ಯಾನೇ ಬೇಡ" ಎಂದರು.

ಅಂದಿನಿಂದ ಆ ಮನೆಯ ಹಾಲ್ ಒಂದು ಕಾರ್ಖಾನೆಯಾಯಿತು. ಕಾವು ಕಡಿಮೆಯಿರುವ ಪ್ರೊಸೆಸರ್ ಬಂತು. ಅದರ ನೆತ್ತಿಯ ಮೇಲೆ, ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ, ಗಾಳಿಯಲ್ಲಿ ತಾನೇ ತಣಿಯಬಲ್ಲ ಲೋಹದ ರೆಕ್ಕೆಗಳ ಗೂಡು ಬಂತು. ನೋಡಿದರೆ ಮೂಗಿಗಿಂತ ಮೂಗುತಿ ಭಾರ. ಸಿನಿಮಾಗಳಿದ್ದ ಹಳೆಯ ಡಿಸ್ಕ್ ತಿರುಗುವಾಗ ಪೆಟ್ಟಿಗೆಯೇ ನಡುಗುತ್ತದೆಂದು ಅದನ್ನು ಎಲಾಸ್ಟಿಕ್ ಪಟ್ಟಿಯಲ್ಲಿ ತೊಟ್ಟಿಲಿನಂತೆ ತೂಗಿಬಿಟ್ಟರು. ಆ ಎಲಾಸ್ಟಿಕ್ ಅಕ್ಕನ ಹೊಲಿಗೆ ಪೆಟ್ಟಿಗೆಯದು. ಅವಳು ಅದನ್ನು ಎರಡು ದಿನ ಹುಡುಕಿ, ಕೊನೆಗೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕಂಡು, ಏನೂ ಹೇಳದೆ ಒಳಗೆ ಹೋದಳು. ಮುಂಚಿನ ಅಕ್ಕನಾಗಿದ್ದರೆ ಮನೆ ಹಾರಿಹೋಗಬೇಕಿತ್ತು. ಅವಳ ಆ ಸುಮ್ಮನಿರುವಿಕೆ ನನಗೆ ಹಿತವೆನಿಸಲಿಲ್ಲ.

ಇಷ್ಟೆಲ್ಲ ಮಾಡಿ, ಹನಿ ಸದ್ದೂ ಹೊರಬರಬಾರದೆಂದು ಮರದ ಕಪಾಟಿಗೆ ಒಳಗೆಲ್ಲ ಸ್ಪಂಜು ಬಡಿದು ಅದರಲ್ಲಿ ಕಂಪ್ಯೂಟರನ್ನು ಕೂರಿಸಿದರು. ಅದು ಒಳಗೊಳಗೇ ಕುದಿದು, ಅರ್ಧ ಹಾಡಿಗೆ ಕಣ್ಣು ಮುಚ್ಚಿತು. ಮೌನಕ್ಕೆ ಮುಚ್ಚಿದ ಬಾಗಿಲು ಬೇಕು, ತಂಪಿಗೆ ತೆರೆದ ಬಾಗಿಲು ಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಸ್ಪಂಜು ಕಿತ್ತದ್ದಾಯಿತು, ಕಪಾಟಿನ ಬೆನ್ನು ಕೊರೆದದ್ದಾಯಿತು, ಫ್ಯಾನೇ ಬೇಡವೆಂಬ ಪ್ರತಿಜ್ಞೆಯನ್ನು ನುಂಗಿಕೊಂಡು ತಟ್ಟೆಯಗಲದ ಒಂದು ಫ್ಯಾನನ್ನು ತಂದು, ಅದು ಆಕಳಿಸಿದಂತೆ ನಿಧಾನಕ್ಕೆ ತಿರುಗುವ ಹಾಗೆ ಮಾಡಿದ್ದೂ ಆಯಿತು. ನಾನು ಗೋಡೆಗೆ ಮುಖ ಮಾಡಿ ಕೂರಬೇಕು, ಅವರು ಹಿಂದಿನಿಂದ "ಈಗ ಆನಾ, ಆಫಾ?" ಎನ್ನಬೇಕು. ಒಂದು ಸಂಜೆ ನಾನು "ಆಫ್" ಎಂದೆ. ಅದು ಆನ್ ಆಗಿತ್ತು. ಭಾವ ನನ್ನ ಬೆನ್ನು ತಟ್ಟಿದರು. ಅಷ್ಟು ಸಂತೋಷವನ್ನು ನಾನು ಅವರಲ್ಲಿ ಕಂಡದ್ದು ಕಡಿಮೆ.

ಆ ಸಂತೋಷ ಮಾತ್ರ ಒಂದು ಗಳಿಗೆಯದು. ಬೆರಳು ಮೇಲೆದ್ದಿತು, ಕತ್ತು ವಾಲಿತು, ಕಣ್ಣು ಸೂರಿನತ್ತ ಹೋಯಿತು. ನೆತ್ತಿಯ ಮೇಲೆ ತೂಗುತ್ತಿದ್ದ ಪ್ರೊಜೆಕ್ಟರಿನದೇ ಒಂದು ಫ್ಯಾನ್ ಇತ್ತಲ್ಲ, ಕಂಪ್ಯೂಟರಿನ ಗಲಾಟೆಯ ಮರೆಯಲ್ಲಿ ಅಷ್ಟು ದಿನ ಅಡಗಿದ್ದದ್ದು, ಅದು ಈಗ ಎದುರಿಗೇ ಬಂದು ನಿಂತಂತೆ ಭುಸುಗುಡುತ್ತಿತ್ತು. ಸದ್ದು ಹಿಡಿಯುವುದನ್ನೇ ಉದ್ಯೋಗ ಮಾಡಿಕೊಂಡ ಮನುಷ್ಯ ಕೋಣೆಯಲ್ಲಿದ್ದ ಎರಡನೆಯ ಸದ್ದನ್ನು ಎಣಿಕೆಗೇ ತಂದುಕೊಂಡಿರಲಿಲ್ಲ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭಾವ ಕುರ್ಚಿಯಲ್ಲಿ ಕುಸಿದು ಕೂತು, "ಒಬ್ಬ ಕಳ್ಳನ್ನ ಹಿಡಿದ್ರೆ ಅವನ ಹಿಂದೆ ಇನ್ನೊಬ್ಬ" ಎಂದು ಹಣೆಯೊತ್ತಿಕೊಂಡರು. ಮರುವಾರ ಗೋಡೆಗೆ ತೂತು ಬಿತ್ತು. ಪ್ರೊಜೆಕ್ಟರ್ ಗೋಡೆಯಾಚೆಯ ಕೋಣೆಗೆ ಹೋಯಿತು, ಬೆಳಕು ದಾಟಲು ತೂತಿಗೆ ಗಾಜು ಕೂತಿತು. ಗೋಡೆಯ ಧೂಳನ್ನು ಅಕ್ಕ ಗುಡಿಸಿದಳು.

ಕೊನೆಗೂ ಪ್ರದರ್ಶನದ ಸಂಜೆ ಬಂತು. ಕಿಟಕಿಗೆ ಕಪ್ಪು ಬಟ್ಟೆ, ದೀಪ ಆರಿತ್ತು. ಅಕ್ಕನನ್ನು ಕರೆತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಅವರಿಬ್ಬರೂ ಎಷ್ಟೋ ಸಲ ನೋಡಿ ನಕ್ಕಿದ್ದ ಹಳೆಯ ಹಾಸ್ಯದ ಸಿನಿಮಾ. ಆ ಕೋಣೆಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಕಂಡಿರಲಿಲ್ಲ. ಪಾತ್ರಗಳ ಉಸಿರು ಕೂಡ ಕೇಳುತ್ತಿತ್ತು. ಭಾವ ಪರದೆಯನ್ನು ನೋಡುತ್ತಿರಲಿಲ್ಲ, ಪರದೆಯಿಂದ ಬಿದ್ದ ಬೆಳಕಿನಲ್ಲಿ ಹೆಂಡತಿಯ ಮುಖವನ್ನು ನೋಡುತ್ತಿದ್ದರು. ಒಂದು ಒಳ್ಳೆಯ ಮಾತು ಬಂತು. ಭಾವ ನಕ್ಕರು, ನಾನೂ ನಕ್ಕೆ. ಅಕ್ಕ ನಮ್ಮಿಬ್ಬರ ಕಡೆ ತಿರುಗಿ ನೋಡಿ, ಆಮೇಲೆ ನಕ್ಕಳು.

ಭಾವನೂ ಅದನ್ನು ಕಂಡಿದ್ದರು. ಸಿನಿಮಾ ನಿಲ್ಲಿಸಿದರು, ಎದ್ದು ಹೋಗಿ ದೀಪ ಹಾಕಿದರು. ಕಂಡಕಂಡವರನ್ನೆಲ್ಲ ಕೇಳುವ ಆ ಪ್ರಶ್ನೆಯನ್ನು ಅವರು ಅವಳಿಗೆ ಕೇಳಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

"ಕೇಳಿಸ್ತಾ?"

"ಇಲ್ಲ" ಎಂದಳು ಅಕ್ಕ. "ಸದ್ದು ಬರ್ತಿದೆ, ಮಾತು ಬರ್ತಿಲ್ಲ. ಮೊದ್ಲೂ ಹಾಗೇ, ಈಗ್ಲೂ ಹಾಗೇ."

"ಮತ್ತೆ ಹೇಳ್ಬಾರ್ದಾಗಿತ್ತಾ?"

"ನೀವು ಕೇಳಿದ್ರಾ?" ಅಕ್ಕನ ದನಿ ಏರಿತು. "ಅಂಗಡಿಯವನ್ನ ಕೇಳಿದ್ರಿ, ಇವನ್ನ ಗೋಡೆ ಕಡೆ ಕೂರಿಸ್ಕೊಂಡು ಕೇಳಿದ್ರಿ. ನಿನಗೇನು ಕೇಳುತ್ತೆ ಅಂತ ನನ್ನನ್ನ ಒಂದು ದಿನ ಕೇಳಿದ್ರಾ? ಆ ಹಳೇ ಡಬ್ಬದ ಸದ್ದು ನಂಗೆ ಚೆನ್ನಾಗಿ ಕೇಳ್ತಿತ್ತು. ಒಳಗಿದ್ರೂ ಕೇಳ್ತಿತ್ತು. ಹಾಂ, ಇವರು ಹಾಲ್‌ನಲ್ಲಿ ಕೂತಿದಾರೆ ಅಂತ ಗೊತ್ತಾಗ್ತಿತ್ತು. ನೀವಂತೂ ಬೆಕ್ಕಿನ ಹಾಗೆ ಓಡಾಡೋರು. ಈಗ ಮನೇಲಿ ಯಾರೂ ಇಲ್ಲ ಅನ್ಸುತ್ತೆ."

ಅಷ್ಟು ದಿನ ಹಠ ಹಿಡಿದು, ನಿದ್ದೆಗೆಟ್ಟು, ಗೋಡೆ ಕೊರೆದು ಆ ಮನೆಯಿಂದ ಓಡಿಸಿದ್ದು ಯಾವುದನ್ನೆಂದು ಭಾವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಆ ಮುಖವನ್ನು ನೋಡಲಾಗದೆ ನಾನು ಪರದೆಯ ಕಡೆ ತಿರುಗಿಕೊಂಡೆ.

"ಡಾಕ್ಟ್ರು ಇನ್ನೊಂದು ಮಾತೂ ಹೇಳಿದ್ರು" ಎಂದಳು ಅಕ್ಕ, ಈಗ ಮೆತ್ತಗೆ. "ಮುಖ ಕಾಣೋ ಹಾಗೆ ಕೂತು ಮಾತಾಡಿ, ತುಟಿ ನೋಡಿ ತಿಳ್ಕೋತಾರೆ ಅಂತ. ಅದು ಮಾತ್ರ ನಿಮಗೆ ಕೇಳಿಸ್ಲಿಲ್ಲ. ನೀವು ಕತ್ತಲೆ ಮಾಡ್ಬಿಟ್ರೆ ನಾನು ಏನು ನೋಡ್ಲಿ?"

ಭಾವ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಕುರ್ಚಿಯನ್ನು ಎಳೆದು, ನೆಲ ಕಿರ್ರೆಂದರೂ ಲೆಕ್ಕಿಸದೆ ಎಳೆದು, ಪರದೆಗೆ ಬೆನ್ನು ಮಾಡಿ ಅವಳೆದುರು ಕೂತರು. ದೀಪ ಉರಿಯುತ್ತಲೇ ಇತ್ತು. "ಅವನು ಏನಂದ ಅಂದ್ರೆ..." ಎಂದು ಶುರುಮಾಡಿ, ತುಟಿಗಳನ್ನು ಅಗಲಿಸಿ ಬಿಡಿಸಿ, ಆ ನಗೆಮಾತನ್ನು ಹೇಳಿದರು. ತೀರ ಕೆಟ್ಟದಾಗಿ ಹೇಳಿದರು. ಅಂಥ ಒಳ್ಳೆಯ ಮಾತನ್ನು ಅಷ್ಟು ಹಾಳುಮಾಡಲು ಸಾಧ್ಯವೆಂದು ನನಗೆ ಗೊತ್ತಿರಲಿಲ್ಲ. ಅಕ್ಕ ಅವರ ತುಟಿಯನ್ನೇ ನೋಡುತ್ತಿದ್ದು, "ಹಾಗಂದ್ನಾ? ಥೂ, ಅವನ ಬಾಯಿಗಿಷ್ಟು!" ಎಂದು ನಕ್ಕಳು. ಈ ಸಲ ನಮ್ಮ ಮುಖ ನೋಡಿ ನಕ್ಕದ್ದಲ್ಲ.

ಈಗ ಅವರ ಮನೆಯಲ್ಲಿ ಸಿನಿಮಾ ನಡೆಯುವುದು ಹೀಗೆ. ದೀಪದ ಬೆಳಕಿನಲ್ಲಿ ಚಿತ್ರ ಒಗೆದು ಒಗೆದು ಬಣ್ಣ ಹೋದ ಬಟ್ಟೆಯಂತೆ ಕಾಣುತ್ತದೆ. ಎರಡು ಮಾತಿಗೊಮ್ಮೆ ನಿಲ್ಲುತ್ತದೆ, ಭಾವ ತಿರುಗಿ ಹೇಳುತ್ತಾರೆ, ಅಕ್ಕ ತಕರಾರು ತೆಗೆಯುತ್ತಾಳೆ, ತಕರಾರು ಪಾತ್ರಗಳನ್ನು ಬಿಟ್ಟು ಎಲ್ಲಿಂದೆಲ್ಲಿಗೋ ಹೋಗುತ್ತದೆ. ಯಾವ ಸಿನಿಮಾವೂ ಒಂದೇ ಸಂಜೆಗೆ ಮುಗಿಯುವುದಿಲ್ಲ. ನೋಡುವವನಿಗೆ ಅದೊಂದು ಶಿಕ್ಷೆ; ನಾನು ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಅವರೂ ಒತ್ತಾಯಿಸುವುದಿಲ್ಲ.

ಇಂಥವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಪ್ರೀತಿಯಿಲ್ಲದವರಲ್ಲ, ಪ್ರೀತಿಯಿಂದಲೇ ಗೋಡೆ ಕೊರೆಯುವವರು. ಎದುರಿಗೆ ಕೂತು ಒಂದು ಪ್ರಶ್ನೆ ಕೇಳಿದರೆ ತೀರುವ ಕಡೆ, ಎಲ್ಲಿ ಆ ಉತ್ತರ ತಮ್ಮ ಕೈಮೀರಿದ್ದಾಗಿಬಿಡುತ್ತದೋ ಎಂದು ಅಂಜಿ, ಕೈಗೆ ಸಿಕ್ಕಿದ ಸ್ಕ್ರೂಗಳನ್ನೆಲ್ಲ ಬಿಚ್ಚಿ ಬಿಗಿಯುತ್ತ ವರ್ಷ ಕಳೆಯುತ್ತಾರೆ. ಜೊತೆಗಿರುವವರನ್ನೂ ದಣಿಸಿ, ತಾವೂ ದಣಿಯುತ್ತಾರೆ. ಅವರನ್ನು ಬೈಯಲು ನನಗೆ ಈಗ ಶಕ್ತಿಯಿಲ್ಲ, ಹೊಗಳಲು ಮನಸ್ಸಿಲ್ಲ. ಕೈಲಾಗುವ ಕೆಲಸವೆಲ್ಲ ಮುಗಿದುಹೋಗಿ, ಮಾಡಲು ಇನ್ನೇನೂ ಉಳಿಯದೆ ಒಂದು ದಿನ ಅವರು ಬರಿಗೈಯಲ್ಲಿ ಬಂದು ಎದುರಿಗೆ ಕೂರುತ್ತಾರೆ. ಅವರನ್ನು ಕಟ್ಟಿಕೊಂಡವರು ಕಾಯುತ್ತಿದ್ದದ್ದು ಅದಕ್ಕೇ.