ಹದಿನೇಳು ಹೆಸರು, ನಾಲ್ಕು ಸುತ್ತು

ಇಗರ್ಜಿಯ ಮೆಟ್ಟಿಲಿಗೆ ಒಂದು ಕಾಲಿಟ್ಟು ರಿಬೆಲ್ಲೆ ನಿಂತುಬಿಟ್ಟಿದ್ದ. ಒಳಗೆ ಅವನ ಮತ್ತು ಇಯೋಲೆಯ ಮದುವೆಗೆ ಜನ ಕಾಯುತ್ತಿದ್ದರು. "ನಿನಗೋಸ್ಕರ ಇವತ್ತೊಂದಿನ ಒಳಗೆ ಬರ್ತೀನಿ, ಇಯೋಲೆ. ಆದ್ರೆ ನಾನು ಸತ್ತ ದಿನ ನನ್ನ ಪೆಟ್ಟಿಗೆ ಈ ಬಾಗಿಲ ಮುಂದೆ ಒಂದು ಗಳಿಗೆನೂ ನಿಲ್ಲಬಾರದು. ಮಾತು ಕೊಡು." ಇಯೋಲೆ ಅವನ ಕಾಲರಿನ ಗುಂಡಿ ಹಾಕುತ್ತಾ, ಕೊಟ್ಟೆ, ನಡಿ ಎಂದಿದ್ದಳು.

*

ಐವತ್ತೆಂಟು ವರ್ಷದ ಮೇಲೆ, ಇಟಲಿಯ ಕರ್ರಾರದ ಅಮೃತಶಿಲೆಯ ಗಣಿಗಳ ಕೆಳಗಿನ ಅದೇ ಊರಲ್ಲಿ, ರಿಬೆಲ್ಲೆಯ ಪೆಟ್ಟಿಗೆ ಹೊತ್ತವರು ಚೌಕದ ಬಾಯಿಗೆ ಬರುವ ಹೊತ್ತಿಗೆ ಜಗಳ ಶುರುವಾಗಿತ್ತು. ದೇವರನ್ನೂ ಸರ್ಕಾರವನ್ನೂ ಒಪ್ಪದ ಕೆಂಪು-ಕಪ್ಪು ಬಾವುಟದ ಅರಾಜಕತಾವಾದಿಗಳ ಶವಯಾತ್ರೆ ಫಲಕದ ಮುಂದೆ ನಿಲ್ಲಲೇಬೇಕು. ಫ್ಯಾಸಿಸ್ಟರು ಗುಂಡಿಟ್ಟು ಕೊಂದ ಹದಿನೇಳು ಮಂದಿಯ ಹೆಸರು ಅದರಲ್ಲಿದೆ. ಒಂದೊಂದು ಹೆಸರು ಕೂಗಿದಾಗಲೂ ನೆರೆದವರು 'ಇದ್ದಾನೆ' ಅನ್ನಬೇಕು. ಆ ಫಲಕ ಕೆತ್ತಿದವನು ರಿಬೆಲ್ಲೆಯೇ. ಆದರೆ ಅದಿರುವುದು ಇಗರ್ಜಿಯ ಗೋಡೆಯ ಮೇಲೆ, ಬಾಗಿಲಿಗೆ ಅಂಟಿಕೊಂಡು. ಅವರನ್ನು ಕೊಂದದ್ದು ಆ ಗೋಡೆಗೇ ಒರಗಿಸಿ ನಿಲ್ಲಿಸಿ.

ನಿಲ್ಲಿಸೋಣ ಎಂದವರು ಅರ್ಧ, ಕೊಟ್ಟ ಮಾತು ಮಾತೇ ಎಂದವರು ಅರ್ಧ. ಯಾರ ಮೇಲೂ ಯಾರೂ ಅಧಿಕಾರ ಮಾಡಬಾರದೆಂದು ಜೀವಮಾನವೆಲ್ಲ ವಾದಿಸಿಕೊಂಡು ಬಂದ ಜನ. ತೀರ್ಮಾನ ಹೇಳುವವರೇ ಇಲ್ಲ. ಬ್ಯಾಂಡಿಗೂ ಮುಖ್ಯಸ್ಥನಿಲ್ಲದ್ದರಿಂದ ಅದು ಒಂದೇ ಪಲ್ಲವಿಯನ್ನು ಊದುತ್ತಲೇ ಇತ್ತು.

ರಿಬೆಲ್ಲೆಯ ಜೊತೆ ನಲವತ್ತು ವರ್ಷ ಕಲ್ಲು ಕೊಯ್ದ ನೆಲ್ಲೊ, ಬಾವುಟ ಹಿಡಿದುಕೊಂಡೇ ಇಯೋಲೆಯ ಹತ್ತಿರ ಬಂದ. "ಅತ್ತಿಗೆ, ನಿಲ್ಲಿಸದೆ ಹೋದ್ರೆ ಆ ಹುಡುಗರನ್ನ ಮರೆತ ಹಾಗೆ. ನಿಲ್ಲಿಸಿದ್ರೆ ಇವನು ಎದ್ದು ಬಂದು ನನ್ನ ಬೈತಾನೆ. ನೀವೇ ಹೇಳಿ."

"ನಾನು ಹೇಳಿದ್ರೆ ಅಪ್ಪಣೆ ಆಗಲ್ವಾ?"

"ಸಲಹೆ ಅಂದ್ಕೋತೀವಿ."

ಪ್ರತಿ ಭಾನುವಾರ ಆ ಬಾಗಿಲಲ್ಲಿ ಒಳಹೋಗುವ ಇಯೋಲೆಗೆ, ಪೆಟ್ಟಿಗೆ ಅಲ್ಲಿ ನಿಂತರೆ ಸಾಕೆಂಬ ಆಸೆ ಇಲ್ಲದಿರಲಿಲ್ಲ. ಪಾದ್ರಿ ಸಿಲ್ವಾನೊ ಹೊಸ್ತಿಲಲ್ಲೇ ಇದ್ದರು. ಒಂದು ಗಳಿಗೆ ಸಿಕ್ಕರೆ ಅವರು ಶಿಲುಬೆಯ ಗುರುತು ಮಾಡೇ ಮಾಡುತ್ತಾರೆ. ಅವಳು ಅವರನ್ನು ನೋಡಿದಳು, ಆಮೇಲೆ ಚೌಕದ ನಡುವಿನ ಕಾರಂಜಿಯನ್ನು.

"ನಿಲ್ಲಬೇಡಿ. ಸುತ್ತಿ. ನಡೀತಾನೇ ಕೂಗಿ."

ಫಲಕ ದಾಟುವಷ್ಟರಲ್ಲಿ ನಾಲ್ಕು ಹೆಸರು ಮುಗಿದವು. ಕಾರಂಜಿ ಸುತ್ತಿ ಮತ್ತೆ ಬಂದರು, ಮತ್ತೆ ನಾಲ್ಕು. ಮೂರನೆಯ ಸುತ್ತಿಗೆ ತುತ್ತೂರಿಯವನು ಉಸಿರು ಸಾಲದೆ ಕಟ್ಟೆಯ ಮೇಲೆ ಕೂತ. ಬದುಕಿದ್ದಾಗಲೂ ಇವನು ನೆಟ್ಟಗೆ ಮನೆಗೆ ಹೋದವನಲ್ಲ ಎಂದು ಹೊತ್ತವರಲ್ಲೊಬ್ಬ ಗೊಣಗಿದ. ಹೆಗಲು ಬದಲಿಸುತ್ತ ಉಳಿದವರು ನಕ್ಕರು, ಇಯೋಲೆಯೂ ನಕ್ಕಳು. ಕೊನೆಯ ಸುತ್ತಿಗೆ ಪಾದ್ರಿ ಮೆಟ್ಟಿಲಿಳಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೆರವಣಿಗೆಯ ಬಾಲದಲ್ಲಿ ಸೇರಿದರು. ಹದಿನೇಳನೆಯ ಹೆಸರಿಗೆ 'ಇದ್ದಾನೆ' ಎಂದ ದನಿಗಳಲ್ಲಿ ಅವರದೂ ಇತ್ತು.

ಪೆಟ್ಟಿಗೆ ಸ್ಮಶಾನದ ದಾರಿ ಹಿಡಿಯಿತು. ಇಗರ್ಜಿಯ ಮುಂದೆ ಅದು ನಿಲ್ಲಲಿಲ್ಲ.