ಮುಚ್ಚುಮರೆಯಿಲ್ಲದ ವಿಮಾನ

ಎರಡು ದೇಶಗಳು ಕೂಡಿ ಒಂದು ಯುದ್ಧವಿಮಾನ ಕಟ್ಟುತ್ತಿದ್ದವು. ಒಡಲು, ಸೀಟು ಈ ದೇಶದ್ದು. ಎಂಜಿನ್ ಆ ದೇಶದ್ದು. ನಮ್ಮ ನಡುವೆ ಮುಚ್ಚುಮರೆ ಕೂಡದು ಎಂದು ಮೊದಲೇ ಕರಾರಾಗಿತ್ತು. ಅದಕ್ಕೆಂದೇ ಸಭೆಯ ಕೋಣೆಗೆ ಗಾಜಿನ ಗೋಡೆ ಹಾಕಿಸಿದರು. ಆಮೇಲೆ ಬಿಸಿಲು ಹೊಡೆಯುತ್ತದೆಂದು ಪರದೆ ಇಳಿಬಿಟ್ಟರು.

ಅಲ್ಲಿ ಎರಡೂ ಭಾಷೆ ಬಲ್ಲವಳು ದುಭಾಷಿ ಒಬ್ಬಳೇ. ಎದುರಿನವರಿಗೆಂದು ಆಡಿದ್ದನ್ನು ದಾಟಿಸಬೇಕು, ತಮ್ಮತಮ್ಮೊಳಗೆ ಆಡಿಕೊಂಡದ್ದು ಕಿವಿಗೆ ಬಿದ್ದರೂ ಬಿದ್ದಿಲ್ಲ ಅನ್ನಬೇಕು. ಆ ಕೆಲಸದ ಪದ್ಧತಿ ಅದು. ಅವಳೂ ಹಾಗೇ ನಡೆದುಕೊಂಡು ಬಂದವಳು. ಕಂಡು ಕಂಡು ಎರಡು ಕಡೆಯವರಿಗೂ ಅವಳು ಗೋಡೆಗೆ ಬಡಿದ ಮೊಳೆಯಂತಾಗಿದ್ದಳು.

ಮರುದಿನ ವಿಮಾನ ಮೊದಲ ಸಲ ಮೇಲೇರಬೇಕು. ಏರಿಸುವ ಪೈಲಟ್ ಅವಳ ತಮ್ಮ, ಅವಳೇ ಎತ್ತಿ ಆಡಿಸಿದವನು.

"ನಿಮ್ಮ ಎಂಜಿನ್ ವಿಷಯ ಹೇಳೋದೇನಾದ್ರೂ ಉಳಿದಿದ್ಯಾ?" ಈ ಕಡೆಯ ದೊಡ್ಡ ಸಾಹೇಬರು ನಗುನಗುತ್ತ ಕೇಳಿದರು. ಅವಳು ದಾಟಿಸಿದಳು.

ಆ ಕಡೆಯ ಮುಖ್ಯಸ್ಥ ಪಕ್ಕದವನ ಕಿವಿಗೆ ಬಾಗಿದ. "ಪರೀಕ್ಷೆಲಿ ತಾನಾಗೇ ಆರಿಹೋಯ್ತಲ್ಲ, ಬಾಯಿ ಬಿಟ್ಟೀಯ! ಆರಿದ್ರೇನಂತೆ, ಇವರ ಸೀಟು ಪೈಲಟ್‌ನ ಹೊರಗೆ ಹಾರಿಸುತ್ತಲ್ಲ." ಆಮೇಲೆ ಗಟ್ಟಿಯಾಗಿ, "ಏನೂ ಇಲ್ಲ. ನಿಮ್ಮ ಸೀಟು ಹೇಗಿದೆ?" ಎಂದ. ಅವಳು ಗಟ್ಟಿಯಾಗಿ ಆಡಿದ್ದಷ್ಟನ್ನೇ ದಾಟಿಸಿದಳು.

ಸಾಹೇಬರು ತಮ್ಮ ಎಂಜಿನಿಯರನತ್ತ ತಿರುಗಿ ಪಿಸುಗುಟ್ಟಿದರು. "ಹಾರೋ ಬದಲು ಸಿಕ್ಕಿಹಾಕ್ಕೊಳ್ತಿತ್ತಲ್ಲ, ಸರಿಹೋಯ್ತೇನಯ್ಯಾ?"

"ಇನ್ನೂ ಇಲ್ಲ ಸಾರ್."

"ಹೋಗ್ಲಿ ಬಿಡು. ಎಂಜಿನ್ ನಿಂತ್ರೆ ತಾನೇ ಸೀಟಿನ ಕೆಲಸ? ಅವರದು ನಿಲ್ಲೋ ಎಂಜಿನ್ನೇ ಅಲ್ಲ." ಗಂಟಲು ಸರಿಮಾಡಿಕೊಂಡರು. "ನಮ್ಮ ಸೀಟು ಅಪ್ಪಟ ಚಿನ್ನ ಅಂತ ಹೇಳಮ್ಮ."

ದುಭಾಷಿ ಒಂದು ಗುಟುಕು ನೀರು ಕುಡಿದಳು. ಆಮೇಲೆ ಆ ಕಡೆಯ ಪಿಸುಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ, ಒಂದಕ್ಷರ ಬಿಡದೆ, ಎಂದಿನ ತಣ್ಣನೆಯ ದನಿಯಲ್ಲೇ ದಾಟಿಸಿಬಿಟ್ಟಳು.



ಅಂದೇ ಸಂಜೆ ಎರಡು ದೇಶಗಳೂ ಚಕಾರವೆತ್ತದೆ ಒಪ್ಪಿದ ಮೊತ್ತಮೊದಲ ನಿರ್ಣಯ ಹೊರಬಿತ್ತು: ದುಭಾಷಿ ನಂಬಿಕೆಗೆ ಅರ್ಹಳಲ್ಲ, ಕೆಲಸದಿಂದ ತೆಗೆಯತಕ್ಕದ್ದು. ಹಾರಾಟವನ್ನು ಮೋಡ ಕವಿದ ಕಾರಣ ಮುಂದೂಡಿದರು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು.

ಊಟಕ್ಕೆ ಕೂತ ತಮ್ಮ ರೇಗಾಡಿದ. "ಅಕ್ಕಾ, ನಿಂಗೆ ತಲೆ ಕೆಟ್ಟಿತ್ತಾ? ನಾಳೆ ಇಡೀ ದೇಶ ನನ್ನನ್ನೇ ನೋಡ್ತಿತ್ತು! ನಿನ್ನ ಕೆಲಸಾನೂ ಕಳ್ಕೊಂಡೆ, ನನ್ನ ಹೆಸರಿಗೂ ಕಲ್ಲು ಹಾಕ್ದೆ."

"ಬೈಯೋ, ಚೆನ್ನಾಗಿ ಬೈ. ಬೈಸ್ಕೊಳೋಕೆ ನೀನಿರ್ಬೇಕು ಅಂತಾನೇ ಅಲ್ವೇನೋ ಮಾಡಿದ್ದು."

ಅವಳು ಇನ್ನೊಂದು ಸೌಟು ಬಡಿಸಹೋದಳು. ಅವನು ಬೇಡ ಎನ್ನುತ್ತಲೇ ತಟ್ಟೆಯನ್ನು ಸೌಟಿನ ಕೆಳಗೆ ಒಡ್ಡಿದ.