ಸದ್ದಿಲ್ಲದ ಪೆಟ್ಟಿಗೆ

ಸದ್ದಿಲ್ಲ, ಅಂದರೆ ಭವ್ಯ ಇನ್ನೂ ಬಂದಿಲ್ಲ, ರೋಡಿನಲ್ಲಿ ಉಘೇ ಉಘೇ ಅನ್ನುತ್ತ ಹೋದ ಗುಂಪು ದೂರವಾಗುತ್ತಿದೆ, ಹಿಂದೆ ಬಿದ್ದವನೊಬ್ಬನ ತಮಟೆ ಮಾತ್ರ ಇನ್ನೂ ತಿರುವಿನಲ್ಲೇ ಇದೆ, ದೀಪಾವಳಿ ಅಮಾವಾಸ್ಯೆಗೆ ಎರಡು ದಿನ ಮುಂಚೆಯೇ ಬೆಟ್ಟಕ್ಕೆ ನಡೆದು ಹೊರಟವರು, ಹನೂರಿನಿಂದ ಬೆಳಿಗ್ಗೆ ಹೊರಟರೆ ಈ ಹೊತ್ತಿಗೆ ನಮ್ಮ ಕೌದಳ್ಳಿ ದಾಟುತ್ತಾರೆ, ಅಷ್ಟು ಜನ ಹೋಗುವಾಗ ಮನೆಯೊಳಗೆ ಆನೆ ನುಗ್ಗಿದರೂ ಗೊತ್ತಾಗುವುದಿಲ್ಲ — ಗುರುಬಸಮ್ಮ ಮೊರದ ಹುರುಳಿಯಲ್ಲಿ ಬೆರಳಾಡಿಸುತ್ತ ಕಲ್ಲು ಹುಡುಕುತ್ತಾಳೆ, ಕಣ್ಣು ಹೋದ ಮೇಲೆ ಕಲ್ಲು ಆರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಕಣ್ಣಿರುವ ಸೊಸೆ ಆರಿಸಿದ ಕಾಳಿನಲ್ಲೂ ಒಂದೆರಡು ಸಿಕ್ಕೇ ಸಿಗುತ್ತವೆ, ಹೇಳುವುದಿಲ್ಲ, ಸುಮ್ಮನೆ ತೆಗೆದು ಬಾಗಿಲಾಚೆ ಎಸೆಯುತ್ತಾಳೆ. ಮೈಸೂರಿನ ಡಾಕ್ಟರು ಕಣ್ಣಿನ ನರ ಒಣಗಿದೆ ಅಂದರು, ಈಗ ಬೆಳಕು ಯಾವುದು ಕತ್ತಲೆ ಯಾವುದು ಅಷ್ಟು ಗೊತ್ತಾಗುತ್ತದೆ, ಎದುರಿಗಿನ ಬೆಳಕು ಬಾಗಿಲು, ಅದರ ಪಕ್ಕದ ಮಬ್ಬು ಮೇಜು, ಮೇಜಿನ ಮೇಲೆ ಸೊಸೆಯ ಕಂಪ್ಯೂಟರು, ಅದರ ಮೇಲಿನ ಗೋಡೆಯಲ್ಲಿ ಮಗ ಬಸವೇಶ, ಫೋಟೋದೊಳಗೆ, ಗಂಧದ ಹಾರ ಹಾಕಿಕೊಂಡು, ನಾಲ್ಕು ವರ್ಷದಿಂದ. ಅತ್ತೆ, ಅಂಗಡಿಗೋಗಿ ಬತ್ತೀನಿ, ಧನುಶ್ರೀಗೆ ಪೆನ್ಸಿಲ್ ಬೇಕಂತೆ, ಅಂದು ಚಪ್ಪಲಿ ಮೆಟ್ಟಿಕೊಂಡು ಹೋದಳು ಭವ್ಯ, ಆ ಗುಂಪು ಬರುವುದಕ್ಕೆ ಸ್ವಲ್ಪ ಮುಂಚೆ, ಧನುಶ್ರೀ ಮೊಮ್ಮಗಳು, ಎರಡನೇ ಕ್ಲಾಸು, ಪೆನ್ಸಿಲ್ಲು ಬರೆಯುವುದಕ್ಕಿಂತ ಕಡಿಯುವುದೇ ಹೆಚ್ಚು.

ಹಳೆಯ ಕಂಪ್ಯೂಟರು ಇದ್ದಿದ್ದರೆ ಹೀಗೆ ಕಿವಿ ಚಾಚಿಕೊಂಡು ಕೂರಬೇಕಾಗಿರಲಿಲ್ಲ, ಬಸವೇಶ ಕೊಳ್ಳೇಗಾಲದಿಂದ ಸೆಕೆಂಡ್ ಹ್ಯಾಂಡ್ ತಂದ ಆ ದೊಡ್ಡ ಡಬ್ಬ, ಸ್ವಿಚ್ಚು ಒತ್ತಿದರೆ ಸಾಕು ಒಳಗಿನ ಫ್ಯಾನು ಗೊರ್ ಅಂತ ಶುರುವಾಗಿ ಬಸ್‌ಸ್ಟ್ಯಾಂಡಿಗೆಲ್ಲ ಕೇಳಿಸುತ್ತಿತ್ತು, ಅವಳು ಬೈದಿದ್ದೇ ಬೈದಿದ್ದು, ಏನ್ಲಾ ಬಸೂ ಇದು, ಮನೇಲಿ ರಾಗಿ ಮಿಷನ್ ಇಟ್ಟಂಗದೆ, ಅವನು ನಗುತ್ತ, ಅದ್ಕೂ ಸೆಕೆ ಆಯ್ತದೆ ಕಣವ್ವ, ಗಾಳಿ ಬೀಸ್ಕತದೆ, ನಿಂಗೇನು ಕಷ್ಟ — ನನಗೇನು ಕಷ್ಟ, ಆಮೇಲೆ ಗೊತ್ತಾಯಿತು ಕಷ್ಟ, ಅವನ ಬೈಕು ಲಾರಿಗೆ ಸಿಕ್ಕ ಮೇಲೆ, ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋಗಿ ಮನೆ ಬಿಕೋ ಅನ್ನುವಾಗ ಭವ್ಯ ಬಂದು ಆ ಕುರ್ಚಿಯಲ್ಲಿ ಕೂತಳು, ಸ್ವಿಚ್ಚು ಒತ್ತಿದಳು, ಫ್ಯಾನು ಗೊರ್ ಅಂದಿತು, ಅಯ್ಯೋ ಮಗ ಬಂದ ಅನ್ನಿಸಿತು ಗುರುಬಸಮ್ಮನಿಗೆ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಂದಿನಿಂದ ಪಹಣಿ, ಜಾತಿ ಸರ್ಟಿಫಿಕೇಟು, ರೇಷನ್ ಕಾರ್ಡು, ಮಕ್ಕಳ ಹಾಲ್ ಟಿಕೆಟು ಅಂತ ಊರಿನವರ ಅರ್ಜಿಯೆಲ್ಲ ಸೊಸೆಯೇ ಹಾಕುತ್ತಾಳೆ, ಅವನಿಗಿಂತ ಚೆನ್ನಾಗಿಯೇ ಹಾಕುತ್ತಾಳೆ, ಕಣ್ಣೂ ಹೋದ ಮೇಲೆ ಗುರುಬಸಮ್ಮನ ಹಗಲು ಆ ಸದ್ದಿನ ಮೇಲೆಯೇ ನಡೆಯುತ್ತಿತ್ತು, ಸದ್ದಿದೆ, ಭವ್ಯ ಇದ್ದಾಳೆ, ಬಾಯಿ ಮುಚ್ಚಿಕೊಂಡಿರಬೇಕು, ಸದ್ದು ನಿಂತಿತು, ಹೊರಗೆ ಹೋದಳು, ಈಗ ಬಸವೇಶನ ಜೊತೆ ಮಾತಾಡಬಹುದು. ಬಾಯಿ ಬಿಟ್ಟೇ ಆಡಬೇಕು, ಮನಸ್ಸಿನಲ್ಲಿ ಅಂದುಕೊಂಡರೆ ಅವನಿಗೆಲ್ಲಿ ಕೇಳಿಸುತ್ತದೆ, ಬದುಕಿದ್ದಾಗಲೇ ಮೂರು ಸಲ ಕೂಗಿದರೆ ಒಂದು ಸಲ ಓ ಅನ್ನುತ್ತಿದ್ದ.

ಶಿವರಾತ್ರಿ ಹೊತ್ತಿಗೆ ಆ ಡಬ್ಬವೂ ಕಣ್ಣು ಮುಚ್ಚಿತು, ಶಿವಕುಮಾರಸ್ವಾಮಿ ಬಂದು ಬಿಚ್ಚಿ ನೋಡಿದ, ಕೊಳ್ಳೇಗಾಲದಲ್ಲಿ ರಿಪೇರಿ ಅಂಗಡಿ ಇಟ್ಟಿರುವವನು, ಊರು ಯಳಂದೂರು, ಹೆಂಡತಿ ಕಾಯಿಲೆಯಲ್ಲಿ ತೀರಿಕೊಂಡು ಒಂಟಿಯಾಗಿದ್ದವನು, ಒಳಗೆಲ್ಲ ಧೂಳು ಹಲ್ಲಿಮೊಟ್ಟೆ, ಇದ್ರ ಕತೆ ಮುಗೀತು ಅಂದು ಮುಂದಿನ ವಾರ ಇನ್ನೊಂದು ತಂದ. ಅಮ್ಮಾ, ಇದ್ರಲ್ಲಿ ಫ್ಯಾನೇ ಇಲ್ಲ, ಧೂಳೂ ಎಳ್ಕಳಲ್ಲ, ಸದ್ದೂ ಇಲ್ಲ, ಬಿಸಿಯೆಲ್ಲ ಇದ್ರ ಮೈಯಿಂದ್ಲೇ ಓಯ್ತದೆ, ಮುಟ್ ನೋಡಿ, ಅಂದು ಅವಳ ಕೈ ಹಿಡಿದು ಮೇಲಿಟ್ಟ — ಎಷ್ಟು ಸಣ್ಣದು, ಮಗುವಿನ ಊಟದ ಡಬ್ಬಿಯಷ್ಟು, ಮೇಲೆ ಉತ್ತ ಸಾಲಿನ ಹಾಗೆ ಗೆರೆ ಗೆರೆ, ಬೆಚ್ಚಗಿತ್ತು, ಥಟ್ಟನೆ ಹಣೆ, ಬಸವೇಶನ ಹಣೆ, ಆಸ್ಪತ್ರೆಯ ಆ ಹಾಸಿಗೆಯ ಮೇಲೆ ಇನ್ನೂ ಬೆಚ್ಚಗಿದ್ದ ಹಣೆ, ಅಂಗೈ ಇಟ್ಟುಕೊಂಡೇ ಇದ್ದಳು, ತೆಗೆಯದಿದ್ದರೆ ಆರುವುದಿಲ್ಲ ಅಂದುಕೊಂಡು, ಗಂಡ ಪುಟ್ಟಮಾದಪ್ಪ ಬಂದು ಕೈ ಬಿಡಿಸಬೇಕಾಯಿತು — ಪೆಟ್ಟಿಗೆಯ ಮೇಲಿಂದ ಕೈ ಹಿಂದಕ್ಕೆಳೆದುಕೊಂಡಳು, ಸುಡ್ತಾ ಅಮ್ಮಾ, ಅಂದ ಪಾಪ ಅವನು, ಇಲ್ಲ ಕಣಪ್ಪ ಅಂದಳು. ಆಮೇಲೆ ಆ ಕೈಯೇ ಗತಿಯಾಯಿತು, ಸೊಸೆ ಇದ್ದಾಳೋ ಇಲ್ಲವೋ ತಿಳಿಯಲು ಕಿವಿ ಕೆಲಸಕ್ಕೆ ಬರಲಿಲ್ಲ, ಗೋಡೆ ತಡಕಿಕೊಂಡು ಹೋಗಿ ಮುಟ್ಟಬೇಕು, ಬಿಸಿ ಇದ್ದರೆ ಇದ್ದಾಳೆ, ಪ್ರತಿ ಸಲವೂ ಆ ಹಣೆ, ಆದ್ದರಿಂದ ಮುಟ್ಟುವುದನ್ನೇ ಕಡಿಮೆ ಮಾಡಿದಳು.

ಸದ್ದಿಲ್ಲದ ಮನೆಯಲ್ಲಿ ಏನೇನು ಕೇಳಿಸುತ್ತದೆ, ಹಂಚಿನ ಮೇಲೆ ಅಳಿಲು, ಹಿತ್ತಲ ತೆಂಗಿನ ಗರಿ, ಸೊಸೆಯ ಬಳೆ, ಒಂದು ದಿನ ಸೊಸೆಯ ನಗು, ಮಧ್ಯಾಹ್ನ, ಗುರುಬಸಮ್ಮ ಮಲಗಿದ್ದಾಳೆ ಅಂದುಕೊಂಡು ಭವ್ಯ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು, ಪ್ರಿಂಟರು ಹಿಡೀತಿಲ್ಲ, ಯಾವುದೋ ಬಟನ್ ಎಲ್ಲಿದೆ, ಕೆಲಸದ ಮಾತೇ, ಮಧ್ಯದಲ್ಲಿ ಕಿಸಕ್ಕನೆ ನಕ್ಕಳು, ಹಳೆ ಫ್ಯಾನಿದ್ದರೆ ಮುಚ್ಚಿಹೋಗುತ್ತಿದ್ದ ಸಣ್ಣ ನಗು, ಆ ಕಡೆ ಶಿವಕುಮಾರಸ್ವಾಮಿ. ನಾಲ್ಕು ವರ್ಷದಲ್ಲಿ ಅವಳು ನಕ್ಕಿದ್ದು ಅದೇ ಮೊದಲು, ಕೇಳಿ ಗುರುಬಸಮ್ಮನಿಗೆ ಹೊಟ್ಟೆ ತಣ್ಣಗಾಯಿತು, ಮರುಕ್ಷಣವೇ ಅಂದುಕೊಂಡಳು, ಇವಳು ಹೋಗುತ್ತಾಳೆ, ಹೋದರೆ ಮಗುವೂ ಹೋಗುತ್ತದೆ, ಮಗು ಹೋದರೆ ಬಸವೇಶನ ಮೂಗು ಬಸವೇಶನ ಹಠ ಎಲ್ಲ ಯಳಂದೂರಿಗೆ ಹೋಗಿ ಇನ್ನೊಬ್ಬನನ್ನು ಅಪ್ಪ ಅನ್ನುತ್ತದೆ. ಯುಗಾದಿ ಕಳೆದ ವಾರಕ್ಕೆ ಬಂದೇಬಿಟ್ಟಳು ಶಿವಕುಮಾರಸ್ವಾಮಿಯ ಸೋದರತ್ತೆ, ಭವ್ಯ ಹನೂರಿಗೆ ಹೋಗಿದ್ದಳು, ಪುಟ್ಟಮಾದಪ್ಪ ಅರಿಶಿನದ ಹೊಲದಲ್ಲಿ, ಮನೆಯಲ್ಲಿ ಗುರುಬಸಮ್ಮ ಒಬ್ಬಳೇ, ಒಳ್ಳೆಯ ಹೆಂಗಸು, ಮಾತು ಮೆತ್ತಗೆ, ನಮ್ಮುಡ್ಗ ನಿಮ್ಮ ಸೊಸೆನ ಇಷ್ಟಪಟ್ಟವ್ನೆ ಅಕ್ಕ, ಮಗೀನ ತನ್ನ ಮಗಿನಂಗೆ ನೋಡ್ಕತನೆ, ನೀವು ಇರೀಕರು ಊಂ ಅಂದ್ರೆ ಅವ್ಳನ್ನೂ ಒಂದ್ಮಾತು ಕೇಳುಮ — ನಮ್ಮವರಲ್ಲಿ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುವುದು ಹೊಸದಲ್ಲ, ಗುರುಬಸಮ್ಮನ ಚಿಕ್ಕಮ್ಮನನ್ನೇ ಹಾಗೆ ಕಳಿಸಿದ್ದರು, ಬೇಡ ಅನ್ನಲು ಕಾರಣವಿರಲಿಲ್ಲ, ಆದ್ದರಿಂದ ಸುಳ್ಳು ಹೇಳಿದಳು. ಅವ್ಳೇ ಒಲ್ಲೆ ಅಂದವ್ಳೆ ಕಣವ್ವ, ಯಾರಾರ ಕೇಳ್ಕ ಬಂದ್ರೆ ಆ ಮಾತೇ ಎತ್ತಬ್ಯಾಡಿ ಅನ್ನು ಅಂತ ನಂಗೆ ಯೋಳವ್ಳೆ. ಆ ಹೆಂಗಸು ಕಾಫಿ ಲೋಟ ಕೆಳಗಿಟ್ಟಳು, ತುಂಬಿದ ಲೋಟ ಇಟ್ಟ ಸದ್ದು ಬೇರೆ, ಖಾಲಿ ಲೋಟದ್ದು ಬೇರೆ, ಕುಡಿಯದೆ ಎದ್ದು ಹೋದಳು, ಕುಂಕುಮ ಕೊಡುವುದೂ ಮರೆತುಹೋಗಿತ್ತು. ಶಿವಕುಮಾರಸ್ವಾಮಿ ಆಮೇಲೆ ಈ ಕಡೆ ತಲೆ ಹಾಕಲಿಲ್ಲ, ಪ್ರಿಂಟರು ಕೆಟ್ಟರೆ ಅಂಗಡಿಯಿಂದ ಬೇರೆ ಯಾರೋ ಬಂದರು, ಭವ್ಯ ಅಡುಗೆಗೆ ಉಪ್ಪು ಹಾಕುವುದನ್ನು ಎರಡು ದಿನ ಮರೆತಳು, ಅಷ್ಟೇ, ಆಮೇಲೆ ಎಲ್ಲ ಸರಿಯಾಯಿತು, ನಗು ಒಂದನ್ನು ಬಿಟ್ಟು.

ಆ ನಗು ಬೇಕು, ಅದೇ ಈಗಿನ ಸಂಕಟ, ಆರು ತಿಂಗಳಿಂದ ಗುರುಬಸಮ್ಮ ಈ ಮೌನದಲ್ಲಿ ಅದಕ್ಕಾಗಿ ಕಾಯುತ್ತಿದ್ದಾಳೆ, ಬೆಳಿಗ್ಗೆ ಕಾಯುತ್ತಾಳೆ, ಮಧ್ಯಾಹ್ನ ಮಲಗಿದ ಹಾಗೆ ನಟಿಸಿ ಕಾಯುತ್ತಾಳೆ, ಬರುವುದಿಲ್ಲ, ಮಗನಿಗಾಗಿ ಪಟ್ಟ ಆಸೆಗೂ ಇದಕ್ಕೂ ಯಾವುದು ಹೆಚ್ಚು ಅಂತ ಕೇಳಿದರೆ ಹೇಳಲಾರಳು, ಮಗ ಬರುವುದಿಲ್ಲ ಅಂತ ಗೊತ್ತು, ಇದು ಬರಬಹುದಾಗಿತ್ತು, ತಾನೇ ಬಾಗಿಲು ಹಾಕಿದಳು. ತಮಟೆಯೂ ನಿಂತಿತು, ಮನೆ ಪೂರ್ತಿ ನಿಶ್ಶಬ್ದ, ಬಳೆ ಇಲ್ಲ, ಕೀ ಒತ್ತುವ ಟಕಟಕ ಇಲ್ಲ, ಭವ್ಯ ಇನ್ನೂ ಅಂಗಡಿಯಲ್ಲೇ, ಗುರುಬಸಮ್ಮ ಮೊರ ಪಕ್ಕಕ್ಕಿಟ್ಟು ಗೋಡೆಯ ಕಡೆ ಮುಖ ಮಾಡಿ ಬಾಯಿ ಬಿಟ್ಟಳು. ಮಗಾ ಬಸೂ, ನಾನೊಂದು ತಪ್ಪು ಮಾಡ್ಬುಟ್ಟಿವ್ನಿ ಕಣ್ಲಾ, ಯುಗಾದಿ ಆದ್ಮೇಲೆ ಆ ಶಿವಕುಮಾರಸ್ವಾಮಿ ಕಡೆಯೋರು ನಿನ್ನೆಡ್ತಿನ ಕೇಳ್ಕಂಡು ಬಂದಿದ್ರು, ಅವ್ಳೇ ಒಲ್ಲೆ ಅಂದವ್ಳೆ ಅಂತ ಸುಳ್ಳು ಯೋಳಿ ಕಳಿಸ್ಬುಟ್ಟೆ, ಅವ್ಳನ್ನ ಕೇಳ್ನೇ ಇಲ್ಲ, ನಿಮ್ಮಪ್ಪಂಗೂ ಯೋಳ್ನಿಲ್ಲ, ನಂಗೆ ಭಯ ಆಯ್ತು ಕಣ್ಲಾ, ಈಗ ಅವ್ಳು ನಗಾದೇ ಬುಟ್ಟವ್ಳೆ, ಕಣ್ಣಂತೂ ಇಲ್ಲ, ಕಿವೀಗೆ ಅದೊಂದಾದ್ರೂ ಬೀಳ್ಳಿ ಅನ್ನಿಸ್ತದೆ, ಓದ್ರೆ ಓಗ್ಲಿ ಕಣ್ಲಾ, ಹಬ್ಬಕ್ಕೆ ಮಗೀನ ಕಳಿಸಾಕಿಲ್ವಾ, ಯೋಳ್ಬುಡ್ಲಾ ಅವ್ಳಿಗೆ, ಇವತ್ತೇ ಯೋಳ್ಬುಡ್ತೀನಿ.

ಹೇಳಿದ ಮೇಲೆ ಮೈ ಹಗುರಾಯಿತು, ಎದ್ದಳು, ಫೋಟೋದ ಕಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳೋಣ ಅಂತ ಗೋಡೆ ಹಿಡಿದು ನಡೆದಳು, ಮೇಜಿನ ಅಂಚು, ಇಲಿಯಂಥ ಆ ಮೌಸು, ಕೈ ಮುಂದೆ ಹೋಗಿ ಪೆಟ್ಟಿಗೆಯ ಮೇಲೆ ಬಿತ್ತು, ಬಿಸಿ. ಹೊರಗೆ ಹೋಗುವಾಗ ಆರಿಸದೆ ಹೋಗುವವಳಲ್ಲ ಭವ್ಯ, ಕರೆಂಟಿನ ವಿಷಯದಲ್ಲಿ ಮಹಾ ಬಿಗಿ, ಬಿಸಿ ಇದೆ ಅಂದರೆ — ಉಘೇ ಅನ್ನುವವರ ಗಲಾಟೆಯಲ್ಲಿ, ಬಾಗಿಲಾಚೆ ಹಾದುಹೋದ ಅಷ್ಟೊಂದು ಮಬ್ಬುಗಳ ನಡುವೆ ವಾಪಸು ಬಂದಿದ್ದಾಳೆ, ಕೂತಿದ್ದಾಳೆ, ಇಷ್ಟು ಹೊತ್ತೂ ಇಲ್ಲೇ ಕೂತಿದ್ದಾಳೆ, ಈಗ ಒಂದು ಮೊಳ ದೂರದಲ್ಲಿ ಉಸಿರು ಕೇಳಿಸುತ್ತಿದೆ. ಸರ್ವರ್ ಬತ್ತಿರ್ನಿಲ್ಲ ಅತ್ತೆ, ಕಾಯ್ತಾ ಕೂತಿದ್ದೆ, ಅಂದಳು ಭವ್ಯ, ಏನೂ ಆಗದವಳ ಹಾಗೆ, ಆಮೇಲೆ, ಅವರು ಬಂದಾಗ ನಾನೆಲ್ಲೋಗಿದ್ದೆ. ನೀನು ಹನೂರ್ಗೋಗಿದ್ದೆ ಕಣವ್ವ. ಅವರೇ ಬ್ಯಾಡ ಅಂದ್ರು ಅಂದ್ಕಂಡಿದ್ದೆ ಅತ್ತೆ. ಗುರುಬಸಮ್ಮ ದನಿ ಬಂದ ಕಡೆ ತಿರುಗಿದಳು, ಫೋನ್ ಮಾಡವ್ವ, ಈಗ್ಲೇ ಮಾಡು, ಯಳಂದೂರ್ಗೆ ಮಾಡು, ನಾನೇ ಮಾತಾಡ್ತೀನಿ, ಆ ಯಮ್ಮನ ಕಾಲ್ಗೆ ಬೇಕಾರೆ ಬೀಳ್ತೀನಿ. ಅವ್ರಿಗೆ ಶ್ರಾವಣದಲ್ಲಿ ಮದ್ವೆ ಆಯ್ತು ಅತ್ತೆ, ಅಂದಳು ಭವ್ಯ. ಆ ದನಿಯಲ್ಲಿ ಸಿಟ್ಟಿಲ್ಲ, ಅಳುವೂ ಇಲ್ಲ, ಅರ್ಜಿ ಹಿಡಿದು ಬಂದವರಿಗೆ ಇವತ್ತಾಗಲ್ಲ ನಾಳೆ ಬನ್ನಿ ಅನ್ನುವ ದನಿ, ಬೈದಿದ್ದರೆ ಚೆನ್ನಾಗಿತ್ತು, ಬೈಯೇ ತಾಯಿ, ಒಂದು ಬಿಡದ ಹಾಗೆ ಬೈ. ಮಗಿನ ಸ್ಕೂಲ್ ವ್ಯಾನ್ ಬರೋ ಹೊತ್ತಾಯ್ತು, ಓಗಿ ಕರ್ಕಬತ್ತೀನಿ, ಕುರ್ಚಿ ಸರಿಯಿತು, ಚಪ್ಪಲಿ, ಬಾಗಿಲ ಬೆಳಕಿನಲ್ಲಿ ಒಂದು ಮಬ್ಬು ಹಾದುಹೋಯಿತು.

ಆರಿಸಿ ಹೋದಳೋ ಇಲ್ಲವೋ, ಈ ಹಾಳು ಪೆಟ್ಟಿಗೆಯಲ್ಲಿ ಅದೂ ತಿಳಿಯುವುದಿಲ್ಲ, ಗೊರ್ ಅನ್ನುತ್ತಿದ್ದುದು ನಿಂತಿದ್ದರೆ ತಿಳಿಯುತ್ತಿತ್ತು, ಗುರುಬಸಮ್ಮನ ಕೈ ಇನ್ನೂ ಅದರ ಮೇಲೇ ಇದೆ, ಬಿಸಿ ಇದೆ, ಇದೆ, ಹೊರಗೆ ವ್ಯಾನಿನ ಹಾರನ್ನು, ಅಜ್ಜೀ ಅನ್ನುವ ಕೂಗು ಇನ್ನೇನು ಬರುತ್ತದೆ, ಹುರುಳಿ ಮೊರ ದಾರಿಯಲ್ಲೇ ಬಿಟ್ಟಿದ್ದೇನೆ, ಮಗು ಎಡವುತ್ತದೆ, ತೆಗೆಯಬೇಕು, ಬಿಸಿ ಈಗ ಅಷ್ಟಿಲ್ಲ, ಇನ್ನೊಂದು ಕೈಯನ್ನೂ ಮೇಲಿಟ್ಟಳು, ಎರಡೂ ಕೈ ಇಟ್ಟರೆ ಇನ್ನೊಂದು ಸ್ವಲ್ಪ ಹೊತ್ತು, ಇಲ್ಲ, ಗೆರೆಗಳ ನಡುವೆ ತಣ್ಣಗಾಗುತ್ತಿದೆ, ಹಣೆ, ಕೈ ತೆಗೆಯಬಾರದು, ಹಣೆ ಆರುತ್ತಿದೆ, ಅಂಗೈ ಕೆಳಗೆ, ಆರುತ್ತಿದೆ.